ಒಬ್ಬರಿಗೇ ತೆರೆಯುವ ಬಾಗಿಲು

ಹೋದ ವಾರದ ಒಂದು ಬೆಳಗು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಟ್ಟಿನ ಗಿರಣಿಯ ಹಿಂದಿನ ಓಣಿಯ ತಿರುವಿನಲ್ಲಿ ಚರ್ಚಿನ ಸಭಾಪಾಲಕರು ನಿಲ್ಲುತ್ತಾರೆ. ಹಿಂದೆ ಮುಂದೆ ನೋಡಿ, ಅಂಗಿಯ ತೋಳಿನ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತುಕೊಳ್ಳುತ್ತಾರೆ. ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಮೂರನೆಯ ಮನೆಯ ಬಾಗಿಲು ತಟ್ಟುತ್ತಾರೆ. ಒಳಗೆ ಕೆಮ್ಮು. ಅಗುಳಿ ಸರಿಯುತ್ತದೆ.

"ಮತ್ತೆ ಕಿತ್ತೋಯ್ತಾ? ಅಯ್ಯನೋರೇ, ನೀವು ಚರ್ಚಲ್ಲಿ ಪ್ರಸಂಗ ಮಾಡ್ತೀರೋ ಕುಸ್ತಿ ಆಡ್ತೀರೋ?"

ಹಾಗೆ ಕೇಳಿದವರು ದರ್ಜಿಯಣ್ಣ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದರು, ಆಮೇಲೆ ಮನೆಯ ಬಾಗಿಲನ್ನೂ ಮುಚ್ಚಿದರು. ಒಡಹುಟ್ಟಿದ ತಮ್ಮ ಬಂದು ಕೂಗಿದರೂ ಅಗುಳಿ ತೆಗೆಯುವುದಿಲ್ಲ. ಅಕ್ಕಿ ಬೇಳೆ ಹೊಸ್ತಿಲಲ್ಲಿಟ್ಟು ಅಂಗಡಿಯವನು ಹಿಂದಿರುಗಬೇಕು. ಮೊದಮೊದಲು ಸಭಾಪಾಲಕರಿಗೂ ಅದೇ ಗತಿ. ಪ್ರಾರ್ಥನೆ ಮಾಡೋಣ ಎಂದರೆ ಮಾತಿಲ್ಲ, ಸಮಾಧಾನ ಹೇಳಿದರೆ ಮಾತಿಲ್ಲ. ಒಂದು ದಿನ ನಿಜವಾಗಿಯೇ ಗುಂಡಿ ಕಿತ್ತು ಬಂದಿತ್ತು. ಅದನ್ನು ಹೇಳಿದ್ದೇ ತಡ, ಬಾಗಿಲು ತೆರೆಯಿತು.

ಅಂದಿನಿಂದ ಹಲವು ವರ್ಷ ದಿನ ಬೆಳಗಾದರೆ ಇದೇ ನಡೆದು ಬಂದಿದೆ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮಾತು ಬರುತ್ತದೆ, ಮಾತಿನ ಹಿಂದೆ ಹಸಿವು ಬರುತ್ತದೆ, ಇಬ್ಬರೂ ಒಂದಿಷ್ಟು ತಿನ್ನುತ್ತಾರೆ. ಇಷ್ಟೇ ಕೆಲಸ. ಇದನ್ನು ಯಾರೂ ಕಂಡಿಲ್ಲ. ಕಂಡವರೆಂದರೆ ಸಭಾಪಾಲಕರ ಹೆಂಡತಿ, ಅವರೂ ತಪ್ಪಾಗಿ ತಿಳಿದರು. ಗುಂಡಿ ಹಾಕಲು ತನಗೆ ಬರುವುದಿಲ್ಲವೇ, ಗಂಡ ಹರಕಲು ಅಂಗಿಯಲ್ಲಿ ಊರು ತಿರುಗಿದರೆ ಮಾತು ಬರುವುದು ಯಾರಿಗೆ ಎಂದು ಎರಡು ವರ್ಷ ಮುನಿಸಿಕೊಂಡಿದ್ದರಂತೆ.

ಸಭಾಪಾಲಕರು ಇಟ್ಟಿಗೆ ಭಟ್ಟಿಯವರ ಮಗ. ಪಾಲಕರಾಗಿ ಈ ಸಭೆಗೆ ಬಂದಾಗ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ, ಈಗ ಒಂದೂ ಕರಿ ಕೂದಲಿಲ್ಲ. ಸೋರುವ ಸೂರಿಗೆ ತಾವೇ ಹತ್ತಿ ಹಂಚು ಸರಿಸುತ್ತಾರೆ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಯಾರದೋ ಮನೆಯವರ ಪಕ್ಕ ಸುಮ್ಮನೆ ಕೂರುತ್ತಾರೆ. ಮಾತುಗಾರರೆಂದು ಹೆಸರು ಮಾಡಿದವರಲ್ಲ. "ನನ್ನ ಪ್ರಸಂಗದಲ್ಲಿ ಎಚ್ಚರ ಇರೋರಿಗಿಂತ ನಿದ್ದೆ ಹೋದೋರೇ ಜಾಸ್ತಿ" ಎಂದು ತಾವೇ ನಗುತ್ತಾರೆ.

ನಾಳೆ ಭಾನುವಾರ ಅವರಿಗೆ ವಿದಾಯ. ಅವರ ನಗು ಈಚೆಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಭೆಯಲ್ಲೊಂದು ಕಟ್ಟಳೆಯಿದೆ: ಬಿಟ್ಟು ಹೋದ ಪಾಲಕರು ಒಂದು ವರ್ಷ ಸಭೆಯವರ ಮನೆ ಮೆಟ್ಟಿಲು ಹತ್ತಬಾರದು, ಹೊಸಬರು ಬೇರು ಬಿಡಲಿ ಎಂದು. ಈ ಕಟ್ಟಳೆಯನ್ನು ಕೇಳಿ ಮಾಡಿಸಿದವರು ಇವರೇ. ಇವರಿಗಿಂತ ಮುಂಚಿನವರು ಬಿಟ್ಟು ಹೋದ ಮೇಲೂ ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದರಂತೆ. ಆಗ ತಮ್ಮ ಸಭೆಯಲ್ಲಿ ಇವರೇ ನೆಂಟರಂತೆ ಕಾಲ ಕಳೆದಿದ್ದರು. ಈಗ ಆ ಕಟ್ಟಳೆ ಇವರ ಕಾಲಿಗೇ ತೊಡರಿಕೊಂಡಿದೆ.

ಹೋದ ವರ್ಷ ಜ್ವರ ಬಂದು ನಾಲ್ಕು ದಿನ ಮಲಗಿದ್ದರು. ಹೆಂಡತಿ ಹೋಗಿ ದರ್ಜಿಯಣ್ಣನ ಬಾಗಿಲು ತಟ್ಟಿ ಬರಿಗೈಯಲ್ಲಿ ಬಂದರು. ಐದನೆಯ ದಿನ ಇವರೇ ಗೋಡೆ ಹಿಡಿದುಕೊಂಡು ಹೋಗಿ ಕೂಗಿದರೆ, ಅಗುಳಿ ಸರಿಯಲು ಬಹಳ ಹೊತ್ತು ಹಿಡಿಯಿತು. ಒಲೆ ತಣ್ಣಗಿತ್ತು, ಅನ್ನದ ಪಾತ್ರೆ ಒಣಗಿತ್ತು, ದರ್ಜಿಯಣ್ಣನಿಗೆ ನಿಲ್ಲಲು ಆಗುತ್ತಿರಲಿಲ್ಲ.

"ನಾಲ್ಕು ದಿನಕ್ಕೇ ಹಾಗೆ. ಒಂದು ವರ್ಷ ಅಂದ್ರೆ?" ಎಂದು ಸಭಾಪಾಲಕರು ಕೇಳುತ್ತಾರೆ.

ಈ ಸೋಮವಾರ ಹೊಸ ಪಾಲಕರನ್ನು ಕರೆದುಕೊಂಡು ಹೋದರು. ಎಳೆಯ ವಯಸ್ಸು, ಹುರುಪು. ಹೊಸ ನಿಲುವಂಗಿ ತೊಟ್ಟೇ ಬಂದಿದ್ದರು. ಕೀಳಲು ಗುಂಡಿಯೇ ಇಲ್ಲ, ಎಲ್ಲ ಜಿಪ್ಪು. ಬಾಗಿಲ ಆಚೆಯಿಂದ ದರ್ಜಿಯಣ್ಣ ಜೊತೆಯಲ್ಲಿ ಯಾರೆಂದು ಕೇಳಿದರು. ಇವರು ಹೇಳಿದರು. "ಹಾಗಾದ್ರೆ ನೀವು ಹೋಗೋದು ನಿಜ" ಎಂಬ ಮಾತು ಬಂತು, ಮತ್ತೆ ಏನೂ ಬರಲಿಲ್ಲ. ಮಂಗಳವಾರ ಇವರೊಬ್ಬರೇ ಹೋದರು. ಬಾಗಿಲು ಇವರಿಗೂ ತೆರೆಯಲಿಲ್ಲ. ಬುಧವಾರವೂ ಇಲ್ಲ. ಹೊಸ್ತಿಲಲ್ಲಿಟ್ಟ ಅಕ್ಕಿ ಹಾಗೇ ಇತ್ತು.

ಸಭೆಯ ಹಿರಿಯರೊಬ್ಬರು ಬಾಗಿಲು ಒಡೆದು ವೃದ್ಧಾಶ್ರಮಕ್ಕೆ ಸೇರಿಸೋಣ ಎಂದರು. ಸಭಾಪಾಲಕರು ಒಪ್ಪಲಿಲ್ಲ. "ಬಾಗಿಲು ಒಡೆದ್ರೆ ಮನೆ ಸಿಗುತ್ತೆ, ಮನುಷ್ಯ ಸಿಗಲ್ಲ" ಎಂದರು. ಅಂದು ಅವರ ಹೆಂಡತಿ ಬಡಿಸಿದ ತಟ್ಟೆ ಬಡಿಸಿದಂತೆಯೇ ಇತ್ತು.

ಗುರುವಾರ ಬೆಳಗ್ಗೆ ಹೊಸ ಪಾಲಕರು ಒಬ್ಬರೇ ಹೋದರು. ಹಳಬರು ಗಿರಣಿಯ ಗೋಡೆಗೆ ಒರಗಿ ಕಿವಿಯೆಲ್ಲ ಅತ್ತಲೇ ಇಟ್ಟು ನಿಂತರು. ಸುಳ್ಳು ನೆಪ ಹೇಳಿ ಅಭ್ಯಾಸವಿಲ್ಲದ ಆ ಹುಡುಗ ಇದ್ದದ್ದನ್ನೇ ಹೇಳಿದರು.

"ಹರಿದದ್ದು ಏನೂ ತಂದಿಲ್ಲ ಅಣ್ಣಾ. ಭಾನುವಾರ ಅವರ ಜಾಗದಲ್ಲಿ ನಿಲ್ಲಬೇಕು. ಕಾಲು ನಡುಗ್ತಾ ಇದೆ."

ಒಳಗೆ ಕೆಮ್ಮು.

"ಆ ನಿಲುವಂಗೀಲಿ ನಿಂತ್ರೆ ನಡುಗೋದಲ್ಲ, ಮುಗ್ಗರಿಸಿ ಬೀಳ್ತೀರಿ. ಕಿಟಕೀಲಿ ನೋಡ್ದೆ, ಅಂಚು ಓಣಿ ಗುಡಿಸ್ತಾ ಇತ್ತು. ಯಾವ ಪುಣ್ಯಾತ್ಮ ಹೊಲಿದ? ಒಳಗೆ ಬನ್ನಿ."

ಅಗುಳಿ ಸರಿಯಿತು. ಬಾಗಿಲು ತೆರೆಯಿತು, ಮುಚ್ಚಿತು. ಒಳಗೆ ಇಬ್ಬರು, ಹೊರಗೆ ಇವರು.

ಇದನ್ನೆಲ್ಲ ಬರೆಯಲು ದರ್ಜಿಯಣ್ಣ ಹೊಸ ಪಾಲಕರ ಕೈಯಲ್ಲಿ ಒಪ್ಪಿಗೆ ಹೇಳಿ ಕಳಿಸಿದ್ದಾರೆ. ಒಂದೇ ಷರತ್ತು: ತಾವು ಹಾಕಿದ ಗುಂಡಿ ತಾನಾಗಿ ಬಿತ್ತು ಎಂದು ಮಾತ್ರ ಬರೆಯಕೂಡದು.

ಒಂದು ಸಲ ತೆರೆದ ಬಾಗಿಲು ಸೋಮವಾರವೂ ತೆರೆಯುತ್ತದೆ ಎಂದು ಯಾರು ಹೇಳಬಲ್ಲರು? ಸಭಾಪಾಲಕರು ಸಾಮಾನು ಕಟ್ಟುತ್ತಾ ಅದನ್ನೇ ಕೇಳುತ್ತಾರೆ, ಮತ್ತೊಂದನ್ನೂ ಒಪ್ಪಿಕೊಳ್ಳುತ್ತಾರೆ. "ಯಾರಿಗಾದ್ರೂ ತೆರೀಲಿ ಅಂತ ಬೇಡಿಕೊಂಡೋನು ನಾನೇ. ತೆರೆದಾಗ 'ನನಗಲ್ವಲ್ಲ' ಅಂತ ಅನ್ನಿಸ್ತು. ದೇವರು ಕೇಳಿಸ್ಕೊಳ್ಳಲಿಲ್ಲ ಅಂತ ದೂರೋ ಹಾಗೂ ಇಲ್ಲ."

ಆಸೆ ಏನಾದರೂ ಇದೆಯೇ ಎಂದರೆ, ಹಗ್ಗದ ಗಂಟು ಬಿಗಿದು ತಲೆಯೆತ್ತುತ್ತಾರೆ.

"ವರ್ಷ ಕಳೆದ ಮೇಲೆ ಹೋಗಿ ತಟ್ತೀನಿ. ಆವಾಗ ಒಳಗಿಂದ 'ಯಾರು' ಅಂತ ಕೇಳಬೇಕು. ಅಷ್ಟು ಜನ ಬಂದು ಹೋಗ್ತಾ ಇರ್ಬೇಕು ಅಲ್ಲಿಗೆ."