ಗುಮ್‌ರಾನ್ ಅಕ್ಕ ಕಟ್ಟಿ ಕಳಿಸಿದ ಡಬ್ಬಿಗಳು

ಗುಮ್‌ರಾನ್ ಅಕ್ಕನ ಭಾಷಣ ಕೇಳಿದವರು ಮನೆಗೆ ಹೋಗಿ ಮೊದಲು ಮಾಡುವ ಕೆಲಸ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಇಣುಕುವುದು. ಹೊಗಳಿಕೆಗೆ ಹೇಳುತ್ತಿಲ್ಲ. "ನಿಮ್ಮ ಮೇಡಂ ಮಾತು ಕೇಳಿದ ಮೇಲೆ ಬಾಡಿದ ಸೊಪ್ಪು ಎಸೆಯೋಕೂ ಮನಸ್ಸು ಬರಲ್ಲ ಕಣ್ರೀ" ಎಂದು ಎಷ್ಟೋ ಹೆಂಗಸರು ನನ್ನ ಹತ್ತಿರವೇ ಅಂದಿದ್ದಾರೆ. ಪರಿಸರದ ಬಗ್ಗೆ ಮಾತಾಡುವವರು ಸಿಯೋಲ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಪ್ರೊಫೆಸರುಗಳು ಬರುತ್ತಾರೆ, ಕರಗುವ ಹಿಮದ ಚಿತ್ರ ತೋರಿಸುತ್ತಾರೆ, ಹಿಂದಿನ ಸಾಲಿನವರು ಹಾಯಾಗಿ ತೂಕಡಿಸುತ್ತಾರೆ. ಗುಮ್‌ರಾನ್ ಅಕ್ಕ ಹಿಮದ ತಂಟೆಗೆ ಹೋಗುವವಳಲ್ಲ. ಅವಳು ಕಸದ ಚೀಲ ಬಿಚ್ಚುತ್ತಾಳೆ.

ಯಾವ ಅಪಾರ್ಟ್‌ಮೆಂಟಿನವರು ಕರೆದರೂ ಅವಳ ಷರತ್ತು ಒಂದೇ. ಆವತ್ತು ಬೆಳಿಗ್ಗೆ ಅಲ್ಲಿನ ಕಸದ ರಾಶಿಯಿಂದ ಒಂದು ಚೀಲ ಎತ್ತಿಟ್ಟಿರಬೇಕು, ಅದು ಯಾರ ಮನೆಯದೆಂದು ಯಾರಿಗೂ ಗೊತ್ತಿರಬಾರದು. ಅವಳ ಗೆಳತಿಯಾಗಿ ಜೊತೆಗೆ ಹೋಗುವ ನಾನು ಮೇಜಿನ ಮೇಲೆ ಹಳೇ ಪೇಪರ್ ಹಾಸುತ್ತೇನೆ. ಅವಳು ಮೊಣಕೈವರೆಗೆ ಕೆಂಪು ರಬ್ಬರ್ ಗವಸು ಏರಿಸಿ, ಇಕ್ಕಳದಲ್ಲಿ ಒಂದೊಂದನ್ನೇ ಎತ್ತಿ ಆ ಮನೆಯ ಜಾತಕ ಹೇಳುತ್ತಾಳೆ. "ಇವರ ಮನೇಲಿ ಬೆಕ್ಕಿದೆ. ಗಂಡ ಡಯಟ್ ಅಂತಾನೆ, ಹೆಂಡ್ತಿ ಮಲಗಿದ ಮೇಲೆ ನೂಡಲ್ಸ್ ಬೇಯಿಸ್ಕೋತಾನೆ." ಸಭೆ ಬಿದ್ದು ಬಿದ್ದು ನಗುತ್ತದೆ. ನಗು ತಣ್ಣಗಾಗುವ ಹೊತ್ತಿಗೆ ಇಕ್ಕಳದ ತುದಿಗೆ ಅನ್ನದ ಮುದ್ದೆಯೊಂದು ಬಂದಿರುತ್ತದೆ. ಅದನ್ನು ಬೆಳೆಯಲು ಸುರಿದ ನೀರು, ಹೊತ್ತು ತರಲು ಸುಟ್ಟ ಎಣ್ಣೆ, ಈಗ ಅದನ್ನು ಒಣಗಿಸಿ ಪುಡಿ ಮಾಡಲು ಉರಿಯುವ ಕರೆಂಟು, ಎಲ್ಲವನ್ನೂ ಸೊಪ್ಪಿನ ಅಂಗಡಿಯಲ್ಲಿ ನಿಂತು ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿ, ಕೊನೆಗೆ ಎದೆಯುಬ್ಬಿಸಿ ಒಂದು ಮಾತು ಸೇರಿಸುತ್ತಿದ್ದಳು: "ನಮ್ಮನೇಲಿ ಒಂದು ಅಗುಳೂ ಕಸಕ್ಕೆ ಹೋಗಲ್ಲ!"

ಅದು ಸುಳ್ಳಲ್ಲ. ಅವಳ ಮನೆಯಿಂದ ನಿಜಕ್ಕೂ ಏನೂ ಕಸಕ್ಕೆ ಹೋಗುತ್ತಿರಲಿಲ್ಲ.

ಅವಳು ಹುಟ್ಟಿದ್ದು ದಕ್ಷಿಣದ ಜೊಲ್ಲಾ ಸೀಮೆಯ ಒಂದು ಹಳ್ಳಿಯಲ್ಲಿ. ಹಳೇ ಅಕ್ಕಿ ಮುಗಿದು ಬಾರ್ಲಿ ಮಾಗುವ ಮೊದಲಿನ ತಿಂಗಳುಗಳಲ್ಲಿ ಹೊಟ್ಟೆಗೆ ತಣ್ಣೀರು ಕುಡಿದು ಮಲಗಿದ ಮಗು. ಹುಡುಗಿಯಾಗಿದ್ದಾಗಲೇ ರೈಲು ಹತ್ತಿ ಸಿಯೋಲ್‌ಗೆ ಬಂದು ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು. ಮದುವೆಯಾದಳು, ಮಗ ಹುಟ್ಟಿದ, ಗಂಡ ತೀರಿಕೊಂಡ. ಆಮೇಲೆ ನಮ್ಮ ಮಾರ್ಕೆಟ್ಟಿನ ಮೂಲೆಯಲ್ಲಿ, ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥಗಳ ಅಂಗಡಿ ಇಟ್ಟು ಮಗ ತೆ-ಓನನ್ನು ಓದಿಸಿದಳು. ಅವಳು ಹುರಿದ ಒಣಮೀನು, ಸೋಯಾ ಸಾಸಿನಲ್ಲಿ ಬೇಯಿಸಿದ ಕಪ್ಪು ಕಾಳು, ಮಸಾಲೆ ಸವರಿದ, ವೀಳ್ಯದೆಲೆಯಷ್ಟಗಲದ ಘಮಘಮ ಕೆನ್ನಿಪ್ ಎಲೆ, ಇವಕ್ಕೆ ಆಚೆ ಬೀದಿಯವರೂ ಬರುತ್ತಿದ್ದರು. ಕೆನ್ನಿಪ್ ಎಲೆಗಳನ್ನು ಅವಳು ದಾರದಲ್ಲಿ ಕಟ್ಟುತ್ತಿರಲಿಲ್ಲ. ಹಬೆಯಲ್ಲಿ ಬಾಡಿಸಿದ ಈರುಳ್ಳಿ ಸೊಪ್ಪಿನ ಎಸಳಿನಲ್ಲಿ ಕಟ್ಟಿ, ಮೇಲೆ ಚಿಟ್ಟೆಯ ರೆಕ್ಕೆಯಂತೆ ಗಂಟು ಹಾಕುತ್ತಿದ್ದಳು. ಕಟ್ಟನ್ನೂ ಸೇರಿಸಿ ತಿನ್ನಬಹುದು, ಬಿಸಾಡುವಂಥದ್ದು ಏನೂ ಉಳಿಯದು. ಆ ಗಂಟು ಹಾಕಲು ನನಗೂ ಹೇಳಿಕೊಟ್ಟಳು, ನನ್ನ ಕೈಗೆ ಹತ್ತಲಿಲ್ಲ.

ಮಂಡಿ ಸವೆದು ಅಂಗಡಿ ಮುಚ್ಚಿದಳು, ವಾರ್ಡ್ ಕಚೇರಿಯವರು ಅವಳನ್ನು ಕಸದ ಭಾಷಣಕ್ಕೆ ಕಳಿಸತೊಡಗಿದರು. ಅಂಗಡಿ ಮುಚ್ಚಿತೇ ಹೊರತು ಕೈಯ ಅಳತೆ ಬದಲಾಗಲಿಲ್ಲ. ಒಬ್ಬಳಿಗೆ ಅಡುಗೆ ಮಾಡಲು ಅವಳಿಗೆ ಬರುವುದೇ ಇಲ್ಲ, ಮೂಲಂಗಿ ಹೆಚ್ಚಲು ಕೂತರೆ ಕೊಪ್ಪರಿಗೆ ತುಂಬುತ್ತದೆ. ತಾನು ಉಣ್ಣುವಷ್ಟು ಉಂಡು, ಉಳಿದದ್ದನ್ನೆಲ್ಲ ಡಬ್ಬಿಗಳಿಗೆ ತುಂಬಿ, ಗಾಲಿ ಚೀಲಕ್ಕೆ ಹಾಕಿ, ಬಸ್ಸು ಹತ್ತಿ ಮಗನ ಮನೆಗೆ ಒಯ್ಯುತ್ತಿದ್ದಳು. ವಾರ ತಪ್ಪಿದ್ದಿಲ್ಲ. ಸೊಸೆ ಸೋ-ದಾಮ್ ಬಾಗಿಲಲ್ಲೇ ಎರಡೂ ಕೈಯಲ್ಲಿ ತೆಗೆದುಕೊಂಡು, "ಅಯ್ಯೋ ಅತ್ತೆ, ಮತ್ತೆ ಇಷ್ಟೊಂದು! ಇವರಿಗೆ ಭಾಳ ಇಷ್ಟ" ಎನ್ನುತ್ತಿದ್ದಳು. ಅತ್ತೆ ಹಿಗ್ಗಿ ಹೀರೇಕಾಯಿಯಾಗಿ ವಾಪಸು ಬರುತ್ತಿದ್ದಳು.

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಸೋ-ದಾಮ್ ಇರುವ ಅಪಾರ್ಟ್‌ಮೆಂಟಿನ ಮಹಿಳಾ ಸಂಘದವರೇ ಗುಮ್‌ರಾನ್ ಅಕ್ಕನನ್ನು ಕರೆದರು. ತಮ್ಮ ಅಪಾರ್ಟ್‌ಮೆಂಟಿನವಳ ಅತ್ತೆ ಎಂಬ ಸಲಿಗೆ. ಸೋ-ದಾಮ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಮುಖ ಬಿಳುಚಿಕೊಂಡಿತ್ತು. ಅತ್ತೆಯ ಭಾಷಣವಲ್ಲವೇ, ಅಳುಕಿರಬೇಕು ಎಂದು ನಾನು ಅಂದುಕೊಂಡೆ. ಆ ದಿನ ಕಾವಲುಗಾರ ಎತ್ತಿಟ್ಟಿದ್ದ ಚೀಲ ಕಲ್ಲಿನಷ್ಟು ಭಾರ.

"ಭಾರ ಇದೆ ಅಂದ್ರೆ ಒಳಗೆ ಊಟ ಇದೆ ಅಂತ ಅರ್ಥ" ಅಂದಳು ಗುಮ್‌ರಾನ್ ಅಕ್ಕ, ಗಂಟು ಬಿಚ್ಚುತ್ತಾ. "ಕೆಳಗೆ ಊಟದ ಕಸಕ್ಕೇ ಅಂತ ಅಷ್ಟು ಒಳ್ಳೆ ಯಂತ್ರ ಇಟ್ಟಿದಾರೆ, ಕಾರ್ಡ್ ಇಟ್ರೆ ಬಾಯಿ ತೆಗೆಯುತ್ತೆ, ಎಷ್ಟು ಕಿಲೋ ಅಂತ ಕೂಗಿ ಹೇಳುತ್ತೆ. ಆದ್ರೂ ಈ ಮಹಾರಾಣಿ ಊಟಾನ ಒಣ ಕಸದಲ್ಲಿ ಮುಚ್ಚಿಟ್ಟಿದಾಳೆ. ನೋಡೋಣ ಬನ್ನಿ, ಚೀಲಕ್ಕೆ ಏನೇನು ತಿನ್ನಿಸಿದಾಳೆ."

ಪ್ಲಾಸ್ಟಿಕ್ ಕವರಿನಿಂದ ಕಪ್ಪು ಕಾಳು ಬಂತು. ಹುರಿದ ಒಣಮೀನು ಬಂತು. ತಾವರೆ ಬೇರು ಬಂತು. ಯಾವುದಕ್ಕೂ ಕೈ ಹಾಕಿದ ಗುರುತಿಲ್ಲ, ಇಟ್ಟಲ್ಲೇ ಹುಳಿ ಬಂದಿತ್ತು. ಹಿಂದಿನಿಂದ ಯಾರೋ "ಛೀ, ದುಡ್ಡು ಜಾಸ್ತಿ ಆಗಿದೆ" ಅಂದರು.

"ದುಡ್ಡಲ್ಲ ಕಣ್ರಮ್ಮ, ಇದು ಅಂಗಡಿದಲ್ಲ. ಮನೆ ಅಡುಗೆ" ಅಂದಳು ಅಕ್ಕ. ಅವಳ ದನಿ ಏರಿತ್ತು. "ಇವಳ ಅತ್ತೆನೋ ಅಮ್ಮನೋ ಯಾರೋ ಪುಣ್ಯಾತ್ಗಿತ್ತಿ, ಸೊಂಟ ಮುರ್ಕೊಂಡು ಮಾಡಿ ಕಳಿಸಿದಾಳೆ. ಇವಳಿಗೆ ರುಚಿ ನೋಡೋ ಮನಸ್ಸೂ ಬಂದಿಲ್ಲ. ಇಂಥವಳ ಮನೇಲಿ ಮಕ್ಕಳು ಏನು ಕಲೀತಾರೆ ಹೇಳಿ? ನೋಡಿ, ನನ್ನ ಸೊಸೆ ಇಲ್ಲೇ ಕೂತಿದಾಳೆ. ನಾನು ಕಳಿಸಿದ್ರಲ್ಲಿ ಒಂದು ಎಲೆ ಬಿಡಲ್ಲ. ಏಳೇ ಸೋ-ದಾಮ್, ಎದ್ದು ನಿಂತ್ಕೊ. ನಾಚ್ಕೋಬೇಡ, ಏಳು!"

ಸೋ-ದಾಮ್ ಎದ್ದು ನಿಂತಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಆ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಅಷ್ಟರಲ್ಲಿ ಗುಮ್‌ರಾನ್ ಅಕ್ಕನ ಇಕ್ಕಳ ಮತ್ತೆ ಚೀಲದೊಳಗೆ ಹೋಗಿ ಹೊರಬಂತು. ತುದಿಯಲ್ಲಿ ಕೆನ್ನಿಪ್ ಎಲೆಯ ಕಟ್ಟು, ಅದರ ಮೇಲೆ ಚಿಟ್ಟೆಯ ಗಂಟು.

ಹತ್ತಿರ ನಿಂತಿದ್ದ ನನಗೆ ಕಂಡಿತು. ಅಕ್ಕನಿಗೂ ಕಂಡಿತು. ಇಡೀ ಸಭೆಯಲ್ಲಿ ಆ ಗಂಟನ್ನು ಬಲ್ಲವರು ಮೂವರೇ, ಮೂರನೆಯವಳು ಇನ್ನೂ ಎದ್ದು ನಿಂತೇ ಇದ್ದಳು. ಅವಳಿಗೆ ಕೂರು ಎಂದು ಯಾರೂ ಹೇಳಿರಲಿಲ್ಲ.

"ಮೇಡಂ, ಪೂರ್ತಿ ಸುರೀರಿ!" ಅಂದಳು ಸಂಘದ ಅಧ್ಯಕ್ಷೆ. "ಯಾವುದಾದ್ರೂ ಪಾರ್ಸೆಲ್ ಚೀಟಿ ಸಿಗುತ್ತೆ, ಅದರಲ್ಲಿ ಮನೆ ನಂಬರ್ ಇರುತ್ತೆ. ಇವತ್ತು ಕಳ್ಳಿ ಸಿಕ್ಕೇ ಸಿಗ್ತಾಳೆ."

ಗುಮ್‌ರಾನ್ ಅಕ್ಕ ಆ ಕಟ್ಟನ್ನು ಮೆಲ್ಲಗೆ ಚೀಲದೊಳಗೆ ಇಳಿಸಿದಳು. ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೇಡ. ಇದು ಯಾರ ಮನೇದು ಅಂತ ನನಗೆ ಗೊತ್ತಾಯ್ತು. ನಾನೇ ಅವರಿಗೆ ಹೇಳ್ತೀನಿ" ಅಂದಳು. ಆಮೇಲೆ, "ಕೂತ್ಕೋಮ್ಮ" ಅಂದಳು, ಸೊಸೆಯ ಕಡೆ ನೋಡದೆ.

ಭಾಷಣ ಮುಗಿದ ಮೇಲೆ ಸೊಸೆಯ ಮನೆಗೆ ಹೋಗಿ ಊಟ ಮಾಡುವುದೆಂದು ಮೊದಲೇ ಮಾತಾಗಿತ್ತು. ಅಕ್ಕ ಮಂಡಿ ನೋವೆಂದು ನೆಪ ಹೇಳಿದಳು. ಮೆಟ್ರೋ ಹಿಡಿದು ನಮ್ಮ ನಿಲ್ದಾಣಕ್ಕೆ ಬಂದೆವು. ಇಳಿದ ಮೇಲೆ ಎಸ್ಕಲೇಟರಿನಲ್ಲಿ ನನ್ನ ತೋಳು ಹಿಡಿದು ಅಂದಳು, "ಮಾಲ್-ಹೀ, ಬಿಸಾಕಿದ್ದು ಇರಲಿ ಬಿಡೇ. ನಾನು ಅವಳನ್ನ ಎಬ್ಬಿಸಿ ನಿಲ್ಲಿಸಿದೆನಲ್ಲ."

ಭಾನುವಾರ ಸೋ-ದಾಮ್ ತಾನಾಗಿಯೇ ಬಂದಳು. ತೊಳೆದು ಒರೆಸಿದ ಖಾಲಿ ಡಬ್ಬಿಗಳನ್ನು ಗೋಪುರದ ಹಾಗೆ ಜೋಡಿಸಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ನಾನು ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅವಳು ಮಂಡಿಯೂರಿ ತಲೆ ತಗ್ಗಿಸಿದಳು. "ತಪ್ಪಾಯ್ತು ಅತ್ತೆ. ನೀವು ಮನೆಗೆ ಬಂದ್ರೆ ಫ್ರಿಜ್ ತೆಗೀತೀರಲ್ಲ, ಅದಕ್ಕೆ ಬೆಳಿಗ್ಗೇನೇ ಎಲ್ಲ ಖಾಲಿ ಮಾಡ್ದೆ. ಕೆಳಗೆ ಆ ಯಂತ್ರದ ಹತ್ರ ಸಂಘದ ಹೆಂಗಸರು ನಿಂತಿರ್ತಾರೆ. ಅದು ತೂಕ ಕೂಗಿದ್ರೆ, ನೋಡಿ ಮೇಡಂ ಸೊಸೆ ಅಂತಾರೆ ಅಂತ ನಮ್ಮ ಅಪಾರ್ಟ್‌ಮೆಂಟಲ್ಲೇ ಪಕ್ಕದ ಕಟ್ಟಡದ ಒಣ ಕಸದಲ್ಲಿ ಇಟ್ಟುಬಂದೆ."

"ಯಾವತ್ತಿಂದ ನಡೀತಿದೆ ಇದು?"

"ಮದುವೆ ಆದಾಗಿನಿಂದ."

ಗುಮ್‌ರಾನ್ ಅಕ್ಕನ ಮುಖ ಕಪ್ಪಿಟ್ಟಿತು. "ಬೇಡ ಅಂತ ಒಂದು ಮಾತು ಹೇಳೋಕೆ ಬಾಯಿ ಇರ್ಲಿಲ್ವೇನೇ ನಿನಗೆ?"

"ಹೇಳಿದ್ದೆ ಅತ್ತೆ. ಸಂಕೋಚ ಪಡಬೇಡ ಅಂತ ನೀವು ಇನ್ನೊಂದು ಡಬ್ಬಿ ಕಟ್ಟಿದ್ರಿ." ಸೋ-ದಾಮ್ ಅಳು ನುಂಗಿಕೊಂಡಳು. "ನಿಮ್ಮ ಮಗ ಎರಡು ಹೊತ್ತೂ ಆಫೀಸಲ್ಲೇ ಉಣ್ತಾರೆ. ನಾನೊಬ್ಬಳೇ ಎಷ್ಟು ತಿನ್ನಲಿ? ಎಸೆಯೋವಾಗೆಲ್ಲ ನಿಮ್ಮ ಮಂಡಿ ನೆನಪಾಗ್ತಿತ್ತು. ಮನೆಗೆ ಬಂದು ಕೈ ತೊಳ್ಕೊಂಡ್ರೂ ವಾಸನೆ ಹೋಗ್ತಿರ್ಲಿಲ್ಲ."

ಅಕ್ಕನಿಗೆ ಬೈಯಲು ಬರುತ್ತದೆ, ಸಮಾಧಾನ ಮಾಡಲು ಬರುವುದಿಲ್ಲ. ಏನು ಮಾಡುವುದೆಂದು ತೋಚದೆ ಎದ್ದು ಹೋಗಿ ಅಡುಗೆಮನೆಯಿಂದ ಒಂದು ಡಬ್ಬಿ ಮೂಲಂಗಿ ಕಿಮ್ಚಿ ತಂದು ಸೊಸೆಯ ಮುಂದೆ ಇಟ್ಟಳು. ಇಟ್ಟವಳಿಗೇ ಗಾಬರಿಯಾಯಿತು. ಮತ್ತೆ ಎತ್ತಿಕೊಂಡು ಒಳಗೆ ಹೋದಳು. ನಗು ಬರಬೇಕಾದ ಹೊತ್ತು, ನನಗೆ ಕಣ್ಣು ತುಂಬಿತು. ತಪ್ಪನ್ನು ಬೆಳ್ಳುಳ್ಳಿಯ ಘಾಟಿನ ಮೇಲೆ ಹಾಕಿದೆ.

ಆಮೇಲೆ ಆ ಚಳಿಗಾಲವಿಡೀ ಅವಳು ಯಾವ ಭಾಷಣಕ್ಕೂ ಒಪ್ಪಲಿಲ್ಲ. ಗಂಟಲು ಕಟ್ಟಿದೆ ಎಂದು ವಾರ್ಡ್ ಕಚೇರಿಯವರಿಗೆ ಹೇಳಿಸಿದಳು, ಅದನ್ನೂ ನನ್ನ ಬಾಯಿಂದಲೇ. "ನಮ್ಮನೆ ಕಸಾನ ಬಸ್ಸಲ್ಲಿ ಹೊತ್ಕೊಂಡು ಹೋಗಿ ಅವಳ ಮನೇಲಿ ಇಟ್ಟು ಬರ್ತಿದ್ದೆ ನಾನು. ಅವಳ ಕೈಲಿ ಪಾಪ ಮಾಡಿಸಿ, ನಾನು ಊರೆಲ್ಲ ಪುಣ್ಯ ಮಾರ್ತಿದ್ದೆ" ಅಂದಳು ಒಂದು ದಿನ. ಇಲ್ಲ ಅನ್ನುವಂತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ, ಆ ಹುಡುಗಿ ಮತ್ತೆ ತನ್ನ ಎದುರು ಅಳುಕಿಲ್ಲದೆ ಕೂರಬೇಕು. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು. ಅವಳಿಗೆ ಗೊತ್ತಿದ್ದ ಒಂದೇ ಉಪಾಯ ಅಡುಗೆ ಮಾಡಿ ಕಳಿಸುವುದು.

ಹೊಸ ವರ್ಷದ ಹಬ್ಬ ಕಳೆದ ಮೇಲೆ ಸೋ-ದಾಮ್ ಫೋನ್ ಮಾಡಿ, "ಅತ್ತೆ, ಊಟಕ್ಕೆ ಬನ್ನಿ. ಬರಿಗೈಲಿ ಬನ್ನಿ" ಅಂದಳು. ಅಕ್ಕ ಹೋದಳು. ಬಸ್ಸಿನಲ್ಲಿ ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಕೋಟಿನ ಜೇಬಿನಲ್ಲಿ ತುರುಕಿಕೊಂಡಿದ್ದಳಂತೆ. ಸೊಸೆ ಆಲೂಗಡ್ಡೆ ಬೇಯಿಸಿ, ಸೇಬು, ಒಣದ್ರಾಕ್ಷಿ ಹಾಕಿ, ಸಿಹಿ ಮಯೋನೀಸಿನಲ್ಲಿ ಕಲಸಿದ್ದಳು. ಗುಮ್‌ರಾನ್ ಅಕ್ಕನಿಗೆ ಸಿಹಿ ಆಗದು, ಮಯೋನೀಸಂತೂ ವಾಕರಿಕೆ. ಆದರೂ "ಬಹಳ ಚೆನ್ನಾಗಿದೆ" ಎಂದು ಎರಡು ಸಲ ಹಾಕಿಸಿಕೊಂಡಳು. ಸೋ-ದಾಮ್ ಅರಳಿಹೋದಳು. ಹೊರಡುವಾಗ ದೊಡ್ಡದೊಂದು ಡಬ್ಬಿ ತುಂಬಿಸಿ ಕೈಗಿಟ್ಟಳು. ಅಕ್ಕ "ಬೇಡಮ್ಮ" ಅಂದಳು. "ಸಂಕೋಚ ಪಡಬೇಡಿ ಅತ್ತೆ" ಅಂದಳು ಸೊಸೆ.

ಡಬ್ಬಿ ಅಕ್ಕನ ಫ್ರಿಜ್ಜಿನಲ್ಲಿ ಕೂತಿತು. ದಿನಾ ಬಾಗಿಲು ತೆಗೆದು ನೋಡುವುದು, ಮುಚ್ಚುವುದು. ನನಗೆ ದಾಟಿಸಲು ನೋಡಿದಳು, ನಾನು ಸಕ್ಕರೆ ಕಾಯಿಲೆ ಎಂದು ತಪ್ಪಿಸಿಕೊಂಡೆ. ಕೊನೆಗೆ ಮೇಲೆ ನೀರು ಬಿಟ್ಟುಕೊಂಡು ಹುಳಿ ವಾಸನೆ ಬಂತು. ಒಂದು ಬೆಳಿಗ್ಗೆ ನಾನು ಹೋದಾಗ ಅವಳು ಅದನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಮೇಲೆ ಇನ್ನೊಂದು ಪೇಪರು, ಅದರ ಮೇಲೆ ಕವರು. "ಕೆಳಗೆ ಊಟದ ತೊಟ್ಟಿ ಹತ್ರ ಯಾರಿದಾರೆ?" ಅಂತ ಕೇಳಿದಳು. ಮೂರನೇ ಮಹಡಿಯವಳು ಇದ್ದಾಳೆ ಅಂದೆ. ಮೂರನೇ ಮಹಡಿಯವಳು ಅವಳನ್ನು ಮೇಡಂ ಅನ್ನದೆ ಮಾತೇ ಆಡುವುದಿಲ್ಲ. ಅಕ್ಕ ಆ ಗಂಟನ್ನು ಒಣ ಕಸದ ಚೀಲದ ತಳಕ್ಕೆ ತುರುಕಿದಳು. ನಾನು ಕಿಟಕಿಯ ಕಡೆ ನೋಡಿದೆ.

ಅದೇ ದಿನ ಮಧ್ಯಾಹ್ನ ಸೋ-ದಾಮ್ ಫೋನ್ ಬಂತು. ಅಕ್ಕನಿಗೆ ಕಿವಿ ಮಂದ, ಸ್ಪೀಕರಿಗೆ ಹಾಕುತ್ತಾಳೆ.

"ಅತ್ತೆ, ಆಲೂಗಡ್ಡೆ ಖಾಲಿ ಆಯ್ತಾ?"

"ಓಹೋ, ಆವತ್ತೇ ಖಾಲಿ. ಚೆನ್ನಾಗಿತ್ತು ಕಣಮ್ಮ."

"ನಿಜವಾಗ್ಲೂ? ಹಾಗಾದ್ರೆ ಈ ವಾರ ಇನ್ನೊಂದು ಡಬ್ಬಿ ತರ್ತೀನಿ."

ಅಕ್ಕ ಕಸದ ಚೀಲ ನೋಡಿದಳು, ನನ್ನ ನೋಡಿದಳು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ, "ಸುಳ್ಳು ಹೇಳ್ದೆ. ತಿನ್ನೋಕಾಗ್ಲಿಲ್ಲ ಸೋ-ದಾಮ್, ಬಿಸಾಕ್ದೆ" ಅಂದಳು.

ಫೋನ್ ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಆ ಹುಡುಗಿಯ ದನಿ ಬಂತು, ಅಳುತ್ತಿದ್ದಾಳೋ ನಗು ತಡೆಯುತ್ತಿದ್ದಾಳೋ ಹೇಳುವಂತಿರಲಿಲ್ಲ.

"ಯಾವ ತೊಟ್ಟಿಗೆ ಹಾಕಿದ್ರಿ ಅತ್ತೆ?"

ಯಾವುದು ಯಾವ ತೊಟ್ಟಿಗೆ ಎಂದು ಊರಿಗೆಲ್ಲ ಹೇಳಿಕೊಟ್ಟ ಗುಮ್‌ರಾನ್ ಅಕ್ಕ ಫೋನ್ ಹಿಡಿದುಕೊಂಡೇ ಎದ್ದು, ಒಣ ಕಸದ ಚೀಲದ ತಳಕ್ಕೆ ಕೈ ಹಾಕಿದಳು.