ಉಸಿರು ಬಿಡದ ನೀಲಕ್ಕ

ನಿಟ್ಟುವಳ್ಳಿಯಲ್ಲಿ ಒಂದು ಸುದ್ದಿ ಹುಟ್ಟಿದರೆ ಅದು ಅಂಬೆಗಾಲಿಡುತ್ತಿದ್ದದ್ದು ನೀಲಕ್ಕನ ಮನೆಯ ಕಟ್ಟೆಯಿಂದಲೇ. ಹೂ ಕಟ್ಟುವ ಬೆರಳು ನಡುವೆ ನಿಂತರೂ ಬಾಯಿ ನಿಲ್ಲದು. ಕೆಟ್ಟ ಹೆಂಗಸಲ್ಲ, ಯಾರ ಮೇಲೂ ಹುಸಿ ಹೊರಿಸಿದವಳಲ್ಲ. ಹೊಟ್ಟೆಯಲ್ಲಿದ್ದದ್ದು ಇದ್ದ ಹಾಗೆ ನಾಲಗೆಗೆ ಬರುತ್ತಿತ್ತು, ಅಷ್ಟೆ. ಆ ಅಷ್ಟರಿಂದಲೇ ಮಗಳು ಸ್ವಾತಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಮೊದಲನೆಯವರ ಮುಂದೆ ಮಗಳ ಸಿಟ್ಟನ್ನು ಬಣ್ಣಿಸಿದಳು. ಎರಡನೆಯವರ ಮುಂದೆ, ಮದುವೆ ದಲ್ಲಾಳಿ ಇಪ್ಪತ್ತೆಂಟು ಎಂದು ಬರೆಸಿದ್ದ ವಯಸ್ಸನ್ನು ಮೂವತ್ತೊಂದಕ್ಕೆ ತಿದ್ದಿದಳು.

ಮೂರನೆಯವನು ಹರಿಹರದ ಶಿವು, ಇಪ್ಪತ್ತೊಂಬತ್ತರ ಹುಡುಗ, ಲೇತ್ ಮಷೀನಿನ ಕೆಲಸ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ವಾತಿಗೆ ಈ ಸಲ ಹುಡುಗ ನಿಜಕ್ಕೂ ಮನಸ್ಸಿಗೆ ಹಿಡಿಸಿದ್ದ. ದಲ್ಲಾಳಿ ಅವನ ಮನೆಗೆ ಕಳಿಸಿದ ಚೀಟಿಯಲ್ಲೂ ವಯಸ್ಸು ಇಪ್ಪತ್ತೆಂಟೇ ಇತ್ತು.

"ಅವ್ವಾ, ಇದೊಂದು ಸಲ ಯಾರ ಮುಂದೂ ಉಸಿರು ಬಿಡಬ್ಯಾಡ" ಎಂದಳು ಸ್ವಾತಿ.

"ನಾನೇನು ಊರಾಗೆ ಡಂಗುರ ಹೊಡೀತೀನೇನೆ?"

"ಡಂಗುರದೋನು ಸಾರಿ ಮನೀಗಾದ್ರೂ ಹೋಗ್ತಾನೆ."

ಹರಿಹರದಲ್ಲಿ ಹೊಳೆಯ ಹತ್ತಿರ ಹತ್ತು ದಿನದ ಧ್ಯಾನ ಶಿಬಿರ ನಡೆಯುವುದಿತ್ತು. ಬುದ್ಧ ಹೇಳಿಕೊಟ್ಟ ಪದ್ಧತಿ, ಬರೀ ಉಸಿರನ್ನು ನೋಡುತ್ತ ಕೂರುವುದು. ಕರಪತ್ರದಲ್ಲಿ ಸ್ವಾತಿಯ ಕಣ್ಣು ನಿಂತದ್ದು 'ಹತ್ತು ದಿನ ಸಂಪೂರ್ಣ ಮೌನ' ಎಂಬ ಸಾಲಿನ ಮೇಲೆ. "ನಿನ್ನ ಬಿ.ಪಿ.ಗೆ ಒಳ್ಳೇದು" ಎಂದು ನಂಬಿಸಿ ಅವ್ವನನ್ನು ಬಸ್ಸು ಹತ್ತಿಸಿದಳು.

ಮೊದಲ ದಿನ ಹೇಳಿಕೊಡುವ ಓಬಯ್ಯ ಮೇಷ್ಟ್ರು, "ಉಸಿರು ಒಳಗೆ ಬರ್ತೈತೆ, ನೋಡ್ರಿ. ಈಗ ಉಸಿರು ಬಿಡ್ರಿ, ಅದನ್ನೂ ನೋಡ್ರಿ" ಎಂದರು. ನೀಲಕ್ಕನ ಲೆಕ್ಕದಲ್ಲಿ ಉಸಿರು ಬಿಡುವುದೆಂದರೆ ಗುಟ್ಟು ಹೊರಹಾಕುವುದು. ಮಗಳ ಮಾತು ನೆನಪಾಗಿ, ಎಳೆದುಕೊಂಡದ್ದನ್ನು ಬಿಗಿಹಿಡಿದು ಕೂತಳು. ಕಣ್ಣು ಮೇಲಾಗಿ, ಮುಖ ಕೆಂಪೇರಿ, ಕೊನೆಗೆ ಕೆಮ್ಮು ಕಿತ್ತುಕೊಂಡು ಬಂತು.

"ಯಾಕವ್ವ ಹಿಡ್ಕಂಡ್ರಿ?"

"ಬಿಡಬ್ಯಾಡ ಅಂದಾಳ್ರಿ ಮಗಳು."

ಮೇಷ್ಟ್ರು ತಲೆ ಕೆರೆದುಕೊಂಡರು. "ಮಾತು ಹಿಡ್ಕಳ್ರಿ, ಗಾಳಿ ಬಿಡ್ರಿ. ಅವೆರಡೂ ಬ್ಯಾರೆ ಬ್ಯಾರೆ."

ಐವತ್ತೈದು ವರ್ಷದಲ್ಲಿ ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಉಸಿರು ಮೂಗಿನ ತುದಿಯಲ್ಲಿ ತಂಪಾಗಿ ಬಂದು ಬೆಚ್ಚಗೆ ಹೋಗುವುದು ತಿಳಿಯತೊಡಗಿತು. ಪಕ್ಕದವಳ ಸೀರೆ ಕಂಡರೆ, ಎಲ್ಲಿ ಕೊಂಡಳೆಂದು ಕೇಳುವ ತುರಿಕೆ ಗಂಟಲತನಕ ಬರುತ್ತಿತ್ತು. ಉಸಿರು ನೋಡುತ್ತ ಕೂತರೆ ತಾನೇ ಇಳಿದುಹೋಗುತ್ತಿತ್ತು. ಇಷ್ಟು ಕಾಲ ಅದಕ್ಕೆ ಯಾಕೆ ಬಾಗಿಲು ತೆಗೆದು ಕಳಿಸಿಕೊಡುತ್ತಿದ್ದೆ ಎಂದು ಆಕೆಗೇ ಸೋಜಿಗವಾಯಿತು.

ಊರಿಗೆ ಮರಳಿದ ವಾರಕ್ಕೆ ಶಿವು ತನ್ನ ತಾಯಿ ಮರುಳಸಿದ್ದಮ್ಮನ ಜೊತೆ ಮದುವೆ ಮಾತು ಮುಗಿಸಲು ಬಂದ. ನೀಲಕ್ಕ ಇಬ್ಬರಿಗೂ ನೀರು ಕೊಟ್ಟಳು, ಚಾ ಕೊಟ್ಟಳು, ಗೋಡೆಗೊರಗಿ ಕೂತಳು. ಏನು ಕೇಳಿದರೂ "ಹೂಂರಿ", "ಇಲ್ರಿ". ಬಾಗಿಲ ಮರೆಯಲ್ಲಿ ಸ್ವಾತಿಯ ಎದೆ ಹಗುರಾಗುತ್ತಿತ್ತು. ಅಷ್ಟರಲ್ಲಿ ಮರುಳಸಿದ್ದಮ್ಮ ಲೋಟ ಕೆಳಗಿಟ್ಟಳು.

"ಶಿವು, ಏಳಪ್ಪ. ಈ ಮನ್ಯಾಗೆ ಏನೋ ಐತೆ."

ಸ್ವಾತಿ ಈಚೆಗೆ ಬಂದಳು. "ಯಾಕ್ರಮ್ಮ, ಏನಾತು?"

"ನಿಮ್ಮವ್ವನ ಬಾಯಿ ಹರಿಹರದ ತಂಕ ಗೊತ್ತೈತೆ ತಾಯಿ. ಅದನ್ನ ಕೇಳೇ ನಾವು ಬಂದಿದ್ದು. ಅಂಥಾಕಿ ಇರೋ ಮನ್ಯಾಗೆ ಏನೂ ಮುಚ್ಚಿಡಾಕೆ ಆಗಲ್ಲ ಅಂತ ಧೈರ್ಯ ಇತ್ತು. ಆಕಿ ಬಾಯೇ ಕಟ್ಟೀರಿ ಅಂದ್ರೆ, ಮುಚ್ಚಿಟ್ಟಿದ್ದು ಸಣ್ಣದಲ್ಲ."

ಶಿವು ಹೊಸಿಲಾಚೆ ಚಪ್ಪಲಿ ಹುಡುಕುತ್ತಿದ್ದ. "ಅವ್ವಾ, ಮಾತಾಡು" ಎಂದು ಸ್ವಾತಿ ಭುಜ ಅಲುಗಿಸಿದಳು. ನೀಲಕ್ಕನ ಕಣ್ಣು ಅರೆಮುಚ್ಚಿತ್ತು. ತುರಿಕೆ ಎದ್ದಿತ್ತು; ನೋಡಿದಳು; ಇಳಿಯಿತು. ಹತ್ತು ದಿನದ ಕಲಿಕೆ ಅಷ್ಟು ಗಟ್ಟಿಯಾಗಿ ಕೂತಿತ್ತು.

ಕೊನೆಗೆ ಸ್ವಾತಿಯೇ ಬಾಯಿ ಬಿಟ್ಟಳು. "ನಂಗೆ ಮೂವತ್ತೊಂದ್ರಿ. ಇಪ್ಪತ್ತೆಂಟು ಅಂದಿದ್ದು ಸುಳ್ಳು. ಬರೆಸಿದ್ದು ದಲ್ಲಾಳಿ, ಸುಮ್ಮನಿದ್ದದ್ದು ನಾನು."

ಮರುಳಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟೇನಾ? ನಾನು ಯಾವ್ದೋ ಕಾಯಿಲೆ ಅನ್ಕಂಡು ಬೆವತುಬಿಟ್ಟೆ." ಆಮೇಲೆ ಮಗನ ಕಡೆ ತಿರುಗಿದಳು. "ನಿಂಗಿಂತ ಎರಡು ವರ್ಷಕ್ಕೆ ದೊಡ್ಡಾಕಿ. ಏನಂತೀಯೋ?"

ಶಿವು ಒಂದು ಕಾಲಿಗೆ ಹಾಕಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದ. ಸ್ವಾತಿಯ ಮುಖವನ್ನೇ ನೋಡಿ ಹೇಳಿದ:

"ಚಾ ಆರಿಹೋತು. ಇನ್ನೊಂದೀಟು ಬಿಸಿ ಮಾಡ್ಕೊಡ್ತೀಯಾ?"