ಫ್ರೇಮಿನ ಮೇಲಿನ ಮೂರು ಬೊಟ್ಟು

ಬೀಗರೇ, ಆ ಮೋಟಾರ್‌ಸೈಕಲ್ಲಿನ ಫ್ರೇಮಿನಿಂದ ಬಣ್ಣ ಎದ್ದು ಬಂದದ್ದು ನಿಮ್ಮ ಆಯ್ಕೆಯ ದೋಷದಿಂದಲ್ಲ, ನನ್ನ ಕೈಯಿಂದ. ನಾಲ್ಕು ವರ್ಷಗಳಿಂದ ಇದನ್ನು ಬಲ್ಲವನು ನಾನೊಬ್ಬನೇ — ಅಲ್ಲ, ನಮ್ಮ ಮೊಮ್ಮಗಳೂ ಬಲ್ಲಳು. ತಾನು ಬಲ್ಲೆನೆಂಬುದು ಮಾತ್ರ ಅವಳಿಗೆ ತಿಳಿಯದು.

ಹಿನ್ನೆಲೆಯನ್ನು ಹೇಳಬೇಕು. ನೆಪಕ್ಕಾಗಿ ಅಲ್ಲ, ಕ್ರಮಕ್ಕಾಗಿ. ದಾವಣಗೆರೆಯಲ್ಲಿ ನೀವು ಕೊಟ್ಟ ಬೀಗರ ಔತಣದಲ್ಲಿ ತುಪ್ಪದ ಪಾತ್ರೆ ನನ್ನ ಹೋಳಿಗೆಯನ್ನು ದಾಟಿ ಮುಂದಿನ ಎಲೆಗೆ ಹೋಯಿತು. ಅಂದು ತೆಗೆದ ಗುಂಪು ಫೋಟೋದಲ್ಲಿ ನನ್ನದೆಂದು ಇರುವುದು ಎಡಗಿವಿಯೊಂದೇ. ಇವನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಮರೆತವನೂ ಅಲ್ಲ.

ನೀವು ಮೂರು ತಿಂಗಳ ವೀಸಾದ ಮೇಲೆ ಇಲ್ಲಿಗೆ, ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದಾಗ ನಿಮ್ಮ ಮಗ, ನನ್ನ ಅಳಿಯ ಪ್ರವೀಣ, ತುಕ್ಕು ಹಿಡಿದ ಹಳೆಯ ಮೋಟಾರ್‌ಸೈಕಲ್ಲೊಂದನ್ನು ಕೊಂಡು, ಪೂರ್ತಿ ಬಿಚ್ಚಿ, ಬರಿಯ ಫ್ರೇಮನ್ನು ಗರಾಜಿನಲ್ಲಿ ತೂಗುಹಾಕಿದ್ದ. ಇಲ್ಲಿನ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸಿದವನು ನಾನು. ಯಾವ ಬಣ್ಣವೆಂದು ಅವನು ಕೇಳಿದ್ದು, ಲಾರಿಗಳನ್ನು ಓಡಿಸಿದ ನಿಮ್ಮನ್ನು.

ಬಣ್ಣ, ಹತಾರ ಮಾರುವ ದೊಡ್ಡ ಅಂಗಡಿ ಬೌಮಾರ್ಕ್ಟಿನಲ್ಲಿ ನಾನು ದುಬಾರಿಯ, ಹೊಳಪಿನ ಡಬ್ಬ ಎತ್ತಿಕೊಂಡೆ. ನೀವು ಅದನ್ನು ನನ್ನ ಕೈಯಿಂದ ತೆಗೆದು ಮತ್ತೆ ಕಪಾಟಿನಲ್ಲಿಟ್ಟಿರಿ.

"ಡಬ್ಬಿ ಮ್ಯಾಲಿನ ಚಿತ್ರ ನೋಡಿ ಬಣ್ಣ ತಗಳಾಕಾಗ್ತತೇನ್ರಿ ಬೀಗ್ರೇ? ಕೆಳಗ ಎಪಾಕ್ಸಿ ಪ್ರೈಮರ್, ಮ್ಯಾಲೆ ಈ ಕಪ್ಪು ಚಾಸಿ ಪೇಂಟ್. ಅಗ್ಗ ಐತಿ, ಗಟ್ಟಿ ಐತಿ. ಹೊಳಪು ಮದುಮಗಳಿಗಿರಲಿ."

ಪ್ರವೀಣ ನಕ್ಕ. ಗಲ್ಲಾದ ಹುಡುಗಿಗೆ ಕನ್ನಡ ಬಾರದು. ಆದರೂ ನಕ್ಕಳೆಂದೇ ನನ್ನ ನೆನಪು.

ಬಣ್ಣ ಹೊಡೆಯಲು ಗೊತ್ತುಮಾಡಿದ ದಿನ ಆಯುಧಪೂಜೆ. ಬೆಳಿಗ್ಗೆ ನೀವು ತುಕ್ಕನ್ನೆಲ್ಲ ಉಜ್ಜಿ, ಥಿನ್ನರಿನಿಂದ ಒರೆಸಿ, ಬೆಳ್ಳಿಯಂತಾದ ಫ್ರೇಮನ್ನು ತೋರಿಸಿ ಎಚ್ಚರಿಸಿದಿರಿ: "ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ. ಎಣ್ಣಿ ಪಸೆ ತಾಗಿದ್ರೆ ಬಣ್ಣ ಕಚ್ಚಂಗಿಲ್ಲ." ಮೊದಲು ಪೂಜೆಯಾಗಬೇಡವೇ ಎಂದೆ. "ಬಣ್ಣ ಒಣಗಿದ ಮ್ಯಾಲೆ ಮಾಡಿದ್ರಾತು ಬಿಡ್ರಿ. ದೇವ್ರಿಗೇನು ಫ್ಲೈಟ್ ಐತೇನು?"

ಎಲ್ಲರೂ ನಕ್ಕರು. ನನ್ನ ಸ್ವಂತ ಮಗಳೂ.

ನೀವೆಲ್ಲ ಊಟಕ್ಕೆ ಕುಳಿತಾಗ ನಾನು ಗರಾಜಿಗೆ ಹೋದೆ. ಭಕ್ತಿಯಿಂದ ಎನ್ನಲಾರೆ, ಭಕ್ತಿಯೂ ಇತ್ತು, ಆದರೆ — ನಿಮ್ಮನ್ನು ಮೀರಿಸಬೇಕೆಂಬುದು ಅದಕ್ಕಿಂತ ಮುಂದೆ ನಿಂತಿತ್ತು. ಒಣ ಕುಂಕುಮ ಲೋಹಕ್ಕೆ ಅಂಟದು. ಕೊಬ್ಬರಿಎಣ್ಣೆಯಲ್ಲಿ ಕಲಸಿದೆ. ಹ್ಯಾಂಡಲಿನ ಬುಡಕ್ಕೊಂದು, ಸೀಟಿನ ಕೆಳಗೊಂದು, ಹಿಂಚಕ್ರದ ಕವಲಿಗೊಂದು ಬೊಟ್ಟಿಟ್ಟು, ಕೈಮುಗಿದು, ಕರವಸ್ತ್ರದಿಂದ ಒರೆಸಿದೆ. ಕೆಂಪು ಹೋಯಿತು. ಎಣ್ಣೆ ಹೋಯಿತೇ ಎಂದು ಪರೀಕ್ಷಿಸಲಿಲ್ಲ — ಜೀವಮಾನವೆಲ್ಲ ಪರೀಕ್ಷೆಯನ್ನೇ ಉದ್ಯೋಗ ಮಾಡಿಕೊಂಡಿದ್ದ ನಾನು! ಯಾರೂ ಮುಟ್ಟಿಲ್ಲವೆಂದು ನಂಬಿ ನೀವು ಅದರ ಮೇಲೆಯೇ ಪ್ರೈಮರ್ ಹೊಡೆದಿರಿ.

ಎರಡು ವಾರ ಕಳೆದು ಹ್ಯಾಂಡಲ್ ಜೋಡಿಸುವಾಗ ಬಣ್ಣ ಬಿಲ್ಲೆಯಾಗಿ ಎದ್ದು ಬಂತು. ಹುಡುಕಿದರೆ ಇನ್ನೆರಡು ಕಡೆಯೂ. ಮೂರೂ ಕಂಪಾಸಿನಿಂದ ಬರೆದಷ್ಟು ದುಂಡಗೆ.

"ಅಪ್ಪಾ, ಅಗ್ಗದ್ದು ತಗಂಡ್ರೆ ಹಿಂಗೇ," ಎಂದು ಪ್ರವೀಣ ಮುನಿಸಿಕೊಂಡು ಮೇಲೆ ಹೋದ.

ನೀವು ನನ್ನತ್ತ ನೋಡಿದಿರಿ. ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು: "ಜರ್ಮನಿಯ ಚಳಿಗೆ ದಾವಣಗೆರೆಯ ಲೆಕ್ಕ ನಡೆಯುವುದಿಲ್ಲ, ಬೀಗರೇ."

ಮೊಮ್ಮಗಳು ಬಾಗಿ ನೋಡಿ ಜರ್ಮನ್ ಭಾಷೆಯಲ್ಲಿ ಏನೋ ಉಲಿದಳು. "ಏನಂತೈತಿ ಕೂಸು?" ಎಂದು ಕೇಳಿದಿರಿ. ಚೆನ್ನಾಗಿದೆ ಎನ್ನುತ್ತಾಳೆ ಎಂದೆ.

ನಿಮ್ಮ ಬಣ್ಣವನ್ನೆಲ್ಲ ತೆಗೆಸಿಕೊಳ್ಳಲು ಫ್ರೇಮು ಕಾರ್ಖಾನೆಯ ಪೌಡರ್ ಕೋಟಿಂಗಿಗೆ ಹೋಯಿತು. ನೀವು ಊರಿಗೆ ಹೋದಿರಿ. ಸೈಡ್ ಸ್ಟ್ಯಾಂಡನ್ನು ಕಳಿಸಲು ಎಲ್ಲರೂ ಮರೆತಿದ್ದರು. ಅದರ ಮೇಲೆ ನಿಮ್ಮ ಬಣ್ಣವೇ ಇದೆ. ರಸ್ತೆಯ ಉಪ್ಪಿನಲ್ಲಿ ನಾಲ್ಕು ಚಳಿಗಾಲ ಕಳೆದರೂ ಒಂದು ಚುಕ್ಕೆ ಎದ್ದಿಲ್ಲ. ಗರಾಜಿಗೆ ಹೋದಾಗಲೆಲ್ಲ ನಾನು ಅದರತ್ತ ಬೆನ್ನು ಮಾಡಿ ನಿಲ್ಲುತ್ತೇನೆ.

ಇದನ್ನೂ ಹೀಗೆಯೇ ನುಂಗಿಕೊಂಡು ಹೋಗುತ್ತಿದ್ದೆನೋ ಏನೋ — ಮೊನ್ನೆ ನಿಮ್ಮ ಫೋನ್ ಬಂತು. ನಿಮ್ಮ ಮೊದಲ ಲಾರಿಯನ್ನು ಗುಜರಿಯಿಂದ ಬಿಡಿಸಿ ತಂದಿದ್ದೀರಿ. "ಚಾಸಿಗೆ ಯಾವ ಬಣ್ಣ ಹೊಡಸ್ಲಿ, ಹೇಳ್ರಿ ಬೀಗ್ರೇ. ನನ್ ಲೆಕ್ಕದ ಮ್ಯಾಲೆ ನಂಗಾ ನಂಬಿಕಿ ಹೋಗೇತಿ." ನೀವು ನನ್ನ ಸಲಹೆ ಕೇಳಬೇಕೆಂದು ಎಷ್ಟು ಕಾಲ ಕಾದಿದ್ದೆ! ಕೇಳಿದಿರಿ. ಯೋಚಿಸಿ ಹೇಳುತ್ತೇನೆಂದು ಫೋನಿಟ್ಟೆ.

ಯೋಚಿಸಿದ್ದಾಯಿತು. ಅದೇ ಪ್ರೈಮರ್, ಅದೇ ಕಪ್ಪು ಬಣ್ಣ. ಪೂಜೆ, ಒಣಗಿದ ಮೇಲೆ. ತುಪ್ಪದ ವಿಷಯ ಬೇರೆ. ಅದು ಇದಕ್ಕೆ ವಜಾ ಆಗುವುದಿಲ್ಲ.

ಇನ್ನೊಂದು ಬಾಕಿಯಿದೆ. ಭಾನುವಾರ ಪ್ರವೀಣನನ್ನು ಎದುರಿಗೆ ಕೂರಿಸಿಕೊಂಡು ನಿಮಗೆ ಫೋನ್ ಮಾಡುತ್ತೇನೆ. ಅಂದು ಮಗು ಅಂದದ್ದನ್ನು ಇಬ್ಬರಿಗೂ ಕೇಳುವಂತೆ ಕನ್ನಡದಲ್ಲಿ ಹೇಳುತ್ತೇನೆ: "ಅಜ್ಜಿ ಹಣೆಯ ಬೊಟ್ಟಿನ ಹಾಗೇ ಇದೆ."